ಹನ್ನೆರಡು ನಂಬರಿನ ಪಾನಾ

ಕೆಳಗಿನ ಸಾಲಿನ ಕೊನೆಯ ನಟ್ಟು ಕಿರ್ರೆಂದು ಸಡಿಲವಾದಾಗ ಮೈಲಾರಿಗೆ ಒಂದು ಬಗೆಯ ನಿರಾಳವೆನಿಸಿತು. ಮರುಗಳಿಗೆಗೆ ಆ ನಿರಾಳಕ್ಕೇ ನಾಚಿಕೆಯಾಯಿತು. ಇನ್ನು ಗಾಡಿ ಎಲ್ಲಿಗೂ ಹೋಗುವ ಹಾಗಿಲ್ಲ. ರೇಡಿಯೇಟರಿನ ನೀರು ಆಗಲೇ ಬಕೀಟಿಗೆ ಇಳಿದಿತ್ತು. ಏರ್ ಕ್ಲೀನರಿನ ದುಂಡು ಡಬ್ಬಿ ಕಟ್ಟೆಯ ಮೇಲೆ ಕೂತಿತ್ತು. ಪೆಟ್ರೋಲ್ ಪೈಪಿನ ಬಾಯಿಗೆ ಕಚೇರಿಯಿಂದ ತಂದ ಕೆಂಪು ಪೆನ್ಸಿಲ್ಲಿನ ತುಂಡೊಂದನ್ನು ತುರುಕಿದ್ದ. ಕಾರ್ಬೊರೇಟರಿನ ಸಮೇತ ಮ್ಯಾನಿಫೋಲ್ಡನ್ನು, ಅಂದರೆ ಇಂಜಿನ್ನಿನ ಮೂರು ಬಾಯಿಗಳಿಗೆ ಗಾಳಿ ಪೆಟ್ರೋಲು ಹಂಚಿಕೊಡುವ ಆ ಅಲ್ಯುಮಿನಿಯಮ್ಮಿನ ಕವಲು ಕೊಳವೆಯನ್ನು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅದು ಒಂದಿಷ್ಟೂ ಹಟ ಮಾಡದೆ ಕೈಗೆ ಬಂದುಬಿಟ್ಟಿತು. ಒಳಗೆ ಮೂರು ಕಪ್ಪು ತೂತುಗಳು ಕಂಡವು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ನಿನ್ನೆ ಸಂಜೆ ಕೂಡ ಗಾಡಿ ಮೊದಲನೇ ಸಲಕ್ಕೇ ಎದ್ದು ಸದ್ದಿಲ್ಲದೆ ಓಡಿತ್ತು. ಇವತ್ತು ಹನ್ನೊಂದು ಗಂಟೆಗೆ ಧಾರವಾಡದ ಹುಚ್ಚರ ದವಾಖಾನೆಗೆ, ಜನ ಹಾಗೇ ಅನ್ನುತ್ತಾರೆ, ಅವನೂ ಮನಸ್ಸಿನೊಳಗೆ ಹಾಗೇ ಅಂದುಕೊಳ್ಳುತ್ತಾನೆ, ಅಲ್ಲಿಗೆ ಹೋಗಿ ಅಣ್ಣ ಲಕ್ಕಪ್ಪನನ್ನು ಮನೆಗೆ ಕರೆದುಕೊಂಡು ಬರಬೇಕಾಗಿತ್ತು. ಅದೊಂದನ್ನು ಮಾಡದೇ ಇರಲಿಕ್ಕೆ ಅವನು ಇಷ್ಟೆಲ್ಲ ಬಿಚ್ಚಿ ಹರವಿದ್ದ.

ಕಾಗದ ಬಂದು ಹದಿನೈದು ದಿನವಾಗಿತ್ತು. ರೋಗಿ ಗುಣವಾಗಿದ್ದಾರೆ, ಮಾತ್ರೆ ತಪ್ಪಿಸದಿದ್ದರೆ ಸಾಕು, ಮನೆಯವರು ಬಂದು ಕರೆದುಕೊಂಡು ಹೋಗತಕ್ಕದ್ದು ಎಂದು ಡಾಕ್ಟರು ಬರೆದಿದ್ದರು. ಗುಣವಾಗಿದ್ದಾರೆ ಎಂಬ ಮಾತು ಓದಿ ಮೈಲಾರಿಗೆ ಎದೆ ಧಸಕ್ಕೆಂದಿತು. ಇಂಥ ಸುದ್ದಿಗೆ ಎದೆ ಒಡೆಯುವ ತಮ್ಮನೆಂದರೆ ಲೋಕದಲ್ಲಿ ತಾನೊಬ್ಬನೇ ಇರಬೇಕು ಅನಿಸಿ, ಕಾಗದವನ್ನು ನಾಲ್ಕು ದಿನ ಕಚೇರಿಯ ಡ್ರಾವರಿನಲ್ಲೇ ಇಟ್ಟಿದ್ದ. ಐದನೇ ದಿನ ಹೆಂಡತಿಯ ಮುಂದೆ ಇಟ್ಟ. ಅವಳು ಬೇಡ ಅನ್ನುತ್ತಾಳೆಂದು ಅವನಿಗೆ ಖಾತ್ರಿಯಿತ್ತು. ಎರಡೇ ಕೋಣೆಯ ಮನೆ, ಮೈತುಂಬ ಕೆಲಸ, ಅದರ ಮೇಲೆ ಇದೊಂದು ಎಂದು ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು, ಅವಳ ಹೆಸರಿನ ಮೇಲೆ ಹಾಕಿ ಅವನು ಹಗುರಾಗಿಬಿಡುತ್ತಿದ್ದ. ದ್ರಾಕ್ಷಾಯಿಣಿ ಕಾಗದವನ್ನು ಎರಡು ಸಲ ಓದಿದಳು. "ಪಾಪ, ಅವರಿಗೆ ಅಲ್ಲಿ ಬಿಸಿ ರೊಟ್ಟಿ ಎಲ್ಲಿ ಸಿಗತೈತ್ರಿ," ಅಂದಳು. ಅಷ್ಟೇ. ಮರುದಿನದಿಂದ ಮುಂದಿನ ಕೋಣೆಯ ಹೊಲಿಗೆ ಯಂತ್ರ ಒಳಗೆ ಹೋಯಿತು, ಮಂಚ ಬಂತು, ಮೇಲೆ ಕೌದಿ ಬಂತು, ಗೂಟಕ್ಕೆ ಒಂದು ಹೊಸ ಟಾವೆಲ್ಲು ಬಂತು. ಆ ಟಾವೆಲ್ಲು ಕಂಡಾಗಲೆಲ್ಲ ಅವನಿಗೆ ಸಿಟ್ಟು ಬರುತ್ತಿತ್ತು. ಒಳ್ಳೆಯವಳಾಗಲಿಕ್ಕೆ ಇವಳಿಗೆ ಇದೇ ಹೊತ್ತು ಸಿಗಬೇಕೆ?

"ಗಾಡಿ ಸುಯ್ ಅನ್ನಾಕತ್ತೈತಿ," ಎಂದು ಅವನು ಬೆಳಿಗ್ಗೆ ಏಳಕ್ಕೇ ಹೇಳಿದ್ದ. "ಬಿಸಿ ಆದ ಮ್ಯಾಲೆ ಸುಯ್ ಅಂತೈತಿ. ಎಲ್ಲೋ ಗಾಳಿ ಜಗ್ಗಾಕತ್ತೈತಿ. ಹಿಂಗ ಹೋದ್ರ ನಡು ಹಾದ್ಯಾಗ ನಿಂದರತೈತಿ."

"ಬಸ್ಸಿಗೆ ಹೋಗಿಬರ್ರಿ ಹಂಗಾರ."

"ಅಣ್ಣನ್ನ ಬಸ್ಸಿನ್ಯಾಗ ಕರ್ಕೊಂಡ ಬಾ ಅಂತೀ? ಆ ಗದ್ದಲದಾಗ?"

ದ್ರಾಕ್ಷಾಯಿಣಿ ಅವನ ಮುಖವನ್ನು ನೋಡಿದಳು. ಅವಳಿಗೆ ಇಂಜಿನ್ನು ತಿಳಿಯದು, ಗಂಡನ ಮುಖ ತಿಳಿಯುತ್ತದೆ. ಹಿಟ್ಟು ನಾದಲು ಒಳಗೆ ಹೋದಳು. ಅವನು ಓಣಿಯ ತುದಿಯ ಫೋನ್ ಬೂತಿಗೆ ಹೋಗಿ, ಗಾಡಿ ಕೆಟ್ಟಿದೆ, ಸಾಮಾನು ಸಿಗಲಿಕ್ಕೆ ಸೋಮವಾರ ಆಗಬೇಕು, ಮುಂದಿನ ಭಾನುವಾರ ಖಂಡಿತ ಬರುತ್ತೇನೆ ಎಂದು ದವಾಖಾನೆಗೆ ಹೇಳಿ, ಬಂದು ಬಾನೆಟ್ಟು ಎತ್ತಿದ. ಹೇಳಿದ ಸುಳ್ಳನ್ನು ಖರೇ ಮಾಡಲಿಕ್ಕೆ ಪೂರಾ ಬಿಚ್ಚಬೇಕಿತ್ತು. ಸುಮ್ಮನೆ ಬಾನೆಟ್ಟು ಎತ್ತಿ ನಿಂತರೆ ಸಾಲುತ್ತಿರಲಿಲ್ಲ.

ಬಿಚ್ಚುವುದೇನು, ಕೈ ತಾನಾಗೇ ಬಿಚ್ಚುತ್ತಿತ್ತು. ಕಲಿಸಿದವನು ಲಕ್ಕಪ್ಪನೇ. ತಾರಿಹಾಳದ ಕಾರ್ಖಾನೆಯಲ್ಲಿ ಹೆಡ್ ಫಿಟ್ಟರ್ ಆಗಿದ್ದ ಕಾಲಕ್ಕೆ ರವಿವಾರ ಬಂತೆಂದರೆ ಯಾರದೋ ಗಾಡಿ ಮನೆಯ ಮುಂದೆ ನಿಂತಿರುತ್ತಿತ್ತು. ತೆರೆದ ಬಾಯಿಗೆ ಮೊದಲು ಅರಿವಿ ತುರುಕು, ಒಂದು ವಾಷರ್ ಒಳಗೆ ಬಿದ್ದರೂ ಇಂಜಿನ್ನಿನ ಕಥೆ ಮುಗಿಯಿತು ಅನ್ನುತ್ತಿದ್ದ. ಮೈಲಾರಿ ದ್ರಾಕ್ಷಾಯಿಣಿಯ ಹಳೇ ಕುಪ್ಪಸವೊಂದನ್ನು ಮೂರು ತುಂಡು ಹರಿದು ಮೂರು ತೂತಿಗೂ ತುರುಕಿದ. ನಟ್ಟು ಬಿಚ್ಚುವ ಪಾನಾಗಳನ್ನು ಇಟ್ಟಿದ್ದ ಕಾಕಿ ಚೀಲವೂ ಲಕ್ಕಪ್ಪನದೇ. ಹನ್ನೆರಡು ನಂಬರಿನ ಪಾನಾದ ಹಿಡಿಕೆಗೆ ಅವನು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ. ಆ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಈ ಚೀಲವನ್ನು ಮೈಲಾರಿ ಆರು ವರ್ಷದ ಹಿಂದೆ, ದವಾಖಾನೆಯ ಗೇಟಿನಿಂದ, ತನ್ನ ಹೆಗಲಿಗೆ ಹಾಕಿಕೊಂಡು ವಾಪಸ್ ತಂದಿದ್ದ.

ಅವತ್ತಿನದನ್ನು ನೆನೆಸಬಾರದು ಎಂದು ನಿಶ್ಚಯ ಮಾಡಿದಷ್ಟೂ ಅದು ಎದುರಿಗೇ ಬಂದು ಕೂಡುತ್ತದೆ. ಲಕ್ಕಪ್ಪ ಆಗ ಮೂರು ತಿಂಗಳಿಂದ ಮಲಗಿರಲಿಲ್ಲ. ಹಾದಿಯ ಮೇಲೆ ಹೋಗುವ ಗಾಡಿಗಳ ಇಂಜಿನ್ನು ಅಳುವುದು ಕೇಳಿಸುತ್ತದೆ ಅನ್ನುತ್ತಿದ್ದ. ಒಂದು ದಿನ ಕಾರ್ಖಾನೆಯ ಮಾಲೀಕರ ಹೊಸ ಕಾರಿನ ಇಂಜಿನ್ನನ್ನು ಅಂಗಳದಲ್ಲಿ ಬಿಚ್ಚಿ, ಸಾಮಾನನ್ನೆಲ್ಲ ಬಿಳಿ ಧೋತರದ ಮೇಲೆ ಸಾಲಾಗಿ ಇಟ್ಟು, ಪಕ್ಕಕ್ಕೆ ಕೂತು ಅತ್ತನಂತೆ. ದವಾಖಾನೆಗೆ ಹೋಗೋಣ ಅಂದರೆ ಬಾಗಿಲು ಹಾಕಿಕೊಂಡ. ಆಗ ಮೈಲಾರಿಯ ತಲೆಯಲ್ಲಿ ಹೊಳೆಯಿತು, ಹೊಳೆದದ್ದಕ್ಕೆ ಅವತ್ತು ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಿದ್ದ: "ಅಣ್ಣಾ, ಧಾರವಾಡದಾಗ ಒಬ್ಬ ದೊಡ್ಡ ಸಾಹೇಬ್ರ ಗಾಡಿ ನಿಂತೈತಂತ. ಯಾ ಮಿಸ್ತ್ರಿಗೂ ತಿಳೀವಲ್ದಂತ. ನೀನ ಬರಬೇಕಂತ." ಲಕ್ಕಪ್ಪ ಬಾಗಿಲು ತೆಗೆದ. ತಿಂಗಳ ಮೇಲೆ ಅವತ್ತು ಸ್ನಾನ ಮಾಡಿದ, ಒಗೆದ ಅಂಗಿ ಹಾಕಿಕೊಂಡ, ಪಾನಾಗಳನ್ನೆಲ್ಲ ಚಿಮಣಿ ಎಣ್ಣೆಯಲ್ಲಿ ತೊಳೆದು ಒರೆಸಿ ಚೀಲಕ್ಕೆ ತುಂಬಿದ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಯಾಪುರ ದಾಟುವಾಗ ಕೇಳಿದ: "ಏನ್ ತ್ರಾಸಂತ ಗಾಡೀದು? ಚಾಲೂ ಆಗೂದಿಲ್ಲೋ, ಚಾಲೂ ಆಗಿ ನಿಂದರತೈತೋ?" ಮೈಲಾರಿ ಇಷ್ಟನ್ನು ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದ: "ಬಿಸಿ ಆದ ಮ್ಯಾಲೆ ಸುಯ್ ಅಂತೈತಂತ." ಲಕ್ಕಪ್ಪನ ಮುಖ ಅರಳಿತು. "ಅಷ್ಟನ? ಮ್ಯಾನಿಫೋಲ್ಡದ ಗ್ಯಾಸ್ಕೆಟ್ ಅದು. ಒಂದು ತಾಸಿನ ಕೆಲಸ. ಮಧ್ಯಾಹ್ನ ಊಟಕ್ಕ ಮನಿಗೆ ಬರೂಣು," ಅಂದಿದ್ದ.

ಊಟಕ್ಕೆ ಮೈಲಾರಿ ಒಬ್ಬನೇ ಬಂದ. ಮೊದಲು ವಾರಕ್ಕೊಮ್ಮೆ ನೋಡಲು ಹೋಗುತ್ತಿದ್ದ. ಹೋದಾಗಲೆಲ್ಲ ಲಕ್ಕಪ್ಪ ಒಂದೇ ಕೇಳುತ್ತಿದ್ದ: "ಆ ಗಾಡಿ ಎಲ್ಲೈತಿ? ಯಾರೂ ತೋರಸವಲ್ರು." ಪಕ್ಕದಲ್ಲಿ ನಿಂತ ಬೇರೆ ರೋಗಿಗಳ ಮನೆಯವರು ಅಯ್ಯೋ ಪಾಪ ಎಂಬಂತೆ ಮೈಲಾರಿಯ ಕಡೆ ನೋಡುತ್ತಿದ್ದರು, ಅವನೂ ಅದಕ್ಕೆ ತಕ್ಕಂತೆ ತಲೆಯಾಡಿಸುತ್ತಿದ್ದ. ಥೂ! ಇಲ್ಲದ ಗಾಡಿಯ ಮಾತಾಡುತ್ತಾನೆ ಎಂದು ಡಾಕ್ಟರು ಅದನ್ನೂ ರೋಗದ ಲಕ್ಷಣವೆಂದೇ ಬರೆದುಕೊಂಡರು. ಆ ಗಾಡಿ ಹುಟ್ಟಿದ್ದು ತನ್ನ ಬಾಯಲ್ಲಿ ಎಂದು ಡಾಕ್ಟರಿಗೆ ಹೇಳಬೇಕೆಂದು ಅವನು ಎಷ್ಟು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದಿಲ್ಲ! ಬರಬರುತ್ತ ಲಕ್ಕಪ್ಪ ಗಾಡಿಯ ಮಾತು ಬಿಟ್ಟ. ಸುಧಾರಿಸುತ್ತಿದ್ದಾರೆ ಅಂದರು. ಮೈಲಾರಿ ಹೋಗುವುದು ತಿಂಗಳಿಗೊಮ್ಮೆ ಆಯಿತು, ಹಬ್ಬಕ್ಕೊಮ್ಮೆ ಆಯಿತು. ಈಗ ಒಂದು ವರ್ಷ ನಾಲ್ಕು ತಿಂಗಳಿಂದ ಹೋಗೇ ಇಲ್ಲ. ಈ ನಡುವೆ ಈ ಹಳೇ ಮಾರುತಿ ಕೊಂಡಾಗ, ನಂಬರ್ ಪ್ಲೇಟಿಗೆ ಕುಂಕುಮ ಹಚ್ಚುವಾಗ, ಅಣ್ಣ ಇದರ ಸದ್ದು ಕೇಳಿದ್ದರೆ ಏನನ್ನುತ್ತಿದ್ದ ಎಂದು ಅನಿಸಿ ಕೈ ಹಿಂದೆ ಬಂದಿತ್ತು.

ಒಂದು ಗಂಟೆಗೆ ಬಿಸಿಲು ಏರಿ ಬೆನ್ನು ಸುಡತೊಡಗಿತು. ಮ್ಯಾನಿಫೋಲ್ಡನ್ನು ತಗಡಿನ ಬುಟ್ಟಿಯಲ್ಲಿ ಚಿಮಣಿ ಎಣ್ಣೆಗೆ ಹಾಕಿ, ಅದರ ಕರಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ ಕೂತಿದ್ದ. ತಿಕ್ಕುವ ಅವಶ್ಯಕತೆ ಇರಲಿಲ್ಲ. ಆದರೆ ತಿಕ್ಕುತ್ತ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ. ಗೇಟು ಕಿರುಗುಟ್ಟಿತು. "ಸಾಹೇಬ್ರ, ಮೈಲಾರಿ ಅವರ ಮನಿ ಇದಾ ಏನ್ರಿ?" ಎಂದು ಒಬ್ಬ ಅಪರಿಚಿತ ಗಡ್ಡದವನು ಒಳಗೆ ಬಂದ. ಅವನ ಹಿಂದೆ, ಒಂದು ಗಂಟು ಎದೆಗವಚಿಕೊಂಡು, ಸಣ್ಣಗೆ ಕತ್ತರಿಸಿದ ಬಿಳಿ ಕೂದಲಿನ ಒಬ್ಬ ಮುದುಕ ನಿಂತಿದ್ದ. ಮುದುಕ ಲಕ್ಕಪ್ಪ ಎಂದು ತಿಳಿಯಲು ಮೈಲಾರಿಗೆ ಒಂದು ಕ್ಷಣ ಹಿಡಿಯಿತು. ಅಣ್ಣನಿಗೆ ಇನ್ನೂ ಐವತ್ತೆರಡು.

"ನಾ ಬಂದೇನವಾಜ ಅಂತ, ದವಾಖಾನ್ಯಾಗ ಅಟೆಂಡರ್ ಇದ್ದೇನ್ರಿ," ಎಂದ ಗಡ್ಡದವನು. "ಗಾಡಿ ಕೆಟ್ಟೈತಂತ ನಿಮ್ಮ ಫೋನ್ ಬಂತಂತ. ಲಕ್ಕಪ್ಪಣ್ಣ ನಸುಕಿನ್ಯಾಗ ಎದ್ದು ಅಂಗಿ ಹಾಕ್ಕೊಂಡು ಕುಂತುಬಿಟ್ಟಿದ್ದ, ನೋಡಾಕ ಆಗಲಿಲ್ರಿ. ನನ್ನ ಡ್ಯೂಟಿ ಮುಗದಿತ್ತು, ನಮ್ಮ ಮನಿ ಇಲ್ಲೇ ಹಳೇ ಹುಬ್ಬಳ್ಳ್ಯಾಗ. ಡಾಕ್ಟರ್ ಸಾಹೇಬ್ರಿಗೆ ಕೇಳಿ ಕರ್ಕೊಂಡ ಬಂದೆ. ಬಸ್ಸಿನ್ಯಾಗ ಏನೂ ತ್ರಾಸ ಮಾಡಲಿಲ್ರಿ, ಕಿಡಕಿ ಕಡೆ ಕುಂತು ಬಂದ." ಅವನು ಕಿಸೆಯಿಂದ ಮಡಿಸಿದ ಕಾಗದವೊಂದನ್ನು ತೆಗೆದ. "ಸದ್ಯಕ್ಕ ಒಂದ ದಿನದ ಸೂಟಿ ಬರದಾರ. ನೀವು ಮನ್ಯಾಗ ಇಟ್ಕೊಳ್ಳೂದಿದ್ರ ಇಲ್ಲೆ ಸಹಿ ಮಾಡ್ರಿ, ನಾಳೆ ಡ್ಯೂಟಿಗೆ ಹೋಗೂಮುಂದ ಬಂದು ಒಯ್ತೇನಿ. ಆಗೂದಿಲ್ಲ ಅಂದ್ರ ಇವತ್ತ ವಾಪಸ್ ಬಿಡ್ರಿ. ಸಂಜಿ ಏಳಕ್ಕ ಗೇಟ್ ಹಾಕ್ತಾರ."

"ಕೈ ಎಣ್ಣಿ ಆಗ್ಯಾವಲ್ಲ," ಎಂದ ಮೈಲಾರಿ, ಎರಡೂ ಅಂಗೈ ಎತ್ತಿ ತೋರಿಸುತ್ತ. ಕೈ ಎಣ್ಣೆಯಾಗಿದ್ದು ಎಷ್ಟು ಛಲೋ ಆಯಿತು ಎಂದು ಅವನಿಗೆ ಅನಿಸಿತು. ಬಂದೇನವಾಜ ಕಾಗದವನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ನೀರನ್ನೂ ಕುಡಿಯದೆ, ಲಕ್ಕಪ್ಪನ ಹೆಗಲನ್ನೊಮ್ಮೆ ಮುಟ್ಟಿ ಹೋದ. ಅಣ್ಣನ ಹೆಗಲನ್ನು ತಾನು ಇನ್ನೂ ಮುಟ್ಟಿಲ್ಲ ಎಂಬುದು ಮೈಲಾರಿಗೆ ಆಗ ಹೊಳೆಯಿತು. ಅಷ್ಟರಲ್ಲಿ ದ್ರಾಕ್ಷಾಯಿಣಿ ಸೆರಗು ಸರಿಮಾಡಿಕೊಳ್ಳುತ್ತ ತಂಬಿಗೆ ಹಿಡಿದು ಬಂದಿದ್ದಳು. "ಬರ್ರಿ ಭಾವಾರ, ಕಾಲಿಗೆ ನೀರ ತಗೋರಿ. ಎಷ್ಟ ಸೊರಗೀರಿ!" ಎನ್ನುತ್ತ ಅವನ ಕೈಯ ಗಂಟನ್ನು ಇಸಿದುಕೊಂಡಳು. ಲಕ್ಕಪ್ಪ ಅಂಜಿದವನ ಹಾಗೆ ಗಂಟನ್ನು ಒಂದು ಕ್ಷಣ ಬಿಗಿಹಿಡಿದು, ಆಮೇಲೆ ಬಿಟ್ಟ. ಅವನ ಕೈ ನಡುಗುತ್ತಿತ್ತು. ಮಾತ್ರೆಯ ನಡುಕ ಅದು, ಒಂದೇ ಸಮ, ಅವನಿಗೆ ಸಂಬಂಧವಿಲ್ಲದಂತೆ.

ಊಟಕ್ಕೆ ಬಿಸಿ ರೊಟ್ಟಿ, ಝುಣಕ, ಬದನೇಕಾಯಿ ಪಲ್ಯ. ಮೈಲಾರಿ ಒಳಗೆ ಹೋಗಲಿಲ್ಲ, ಆಮೇಲೆ ಉಣ್ಣುತ್ತೇನೆ ಅಂದ. ಬಾನೆಟ್ಟಿನ ನೆರಳಲ್ಲಿ ನಿಂತು ಒಳಗಿನ ಮಾತು ಕೇಳಿಸಿಕೊಂಡ. ಅವಳು ಹಾಕಲೇನು ಅನ್ನುವುದು, ಅವನು ಸಾಕವ್ವಾ ಅನ್ನುವುದು, ಅವಳು ಆದರೂ ಹಾಕುವುದು. ಎಷ್ಟು ಸುಲಭ ಇದು! ಇಷ್ಟು ಸುಲಭದ್ದಕ್ಕೆ ತಾನು ಹದಿನೈದು ದಿನ ಹೊಟ್ಟೆಯಲ್ಲಿ ಕಲ್ಲು ಇಟ್ಟುಕೊಂಡು ತಿರುಗಿದೆನಲ್ಲ. ಆದರೆ ಸುಲಭವಿರುವುದು ಅವಳಿಗೆ. ಅವಳೇನು ಅವನನ್ನು ಚೀಲ ಹೊರಿಸಿ ಕರೆದುಕೊಂಡು ಹೋಗಿದ್ದಳೆ? ನಾಳೆ ಬೆಳಿಗ್ಗೆ ಅಣ್ಣ ಚಹಾ ಕುಡಿಯುತ್ತ ಎದುರಿಗೆ ಕೂಡುತ್ತಾನೆ, ನಾಡಿದ್ದೂ ಕೂಡುತ್ತಾನೆ. ಒಂದಲ್ಲ ಒಂದು ದಿನ ತಲೆಯೆತ್ತಿ ಆ ಗಾಡಿ ಎಲ್ಲಿತ್ತೋ ಮೈಲಾರಿ ಎಂದು ಕೇಳುತ್ತಾನೆ. ಹುಚ್ಚನಾಗಿ ಕೇಳಿದರೆ ತಡೆದುಕೊಳ್ಳಬಹುದು. ಗುಣವಾದವನು ಕೇಳಿದರೆ ಏನು ಹೇಳುವುದು? ಅದಕ್ಕೇ ಅಲ್ಲವೆ ಆ ಕಾಗದ ಓದಿ ಎದೆ ಧಸಕ್ಕೆಂದದ್ದು.

ಬೆನ್ನ ಹಿಂದೆ ಕೆಮ್ಮಿದ ಸಪ್ಪಳವಾಯಿತು. ಲಕ್ಕಪ್ಪ ಕೈ ಒರೆಸುತ್ತ ಬಂದು ನಿಂತಿದ್ದ, ಹೊಸ ಟಾವೆಲ್ಲಿನಲ್ಲಿ. ಗಾಡಿಯ ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕಟ್ಟೆಯ ಮೇಲಿದ್ದ ಗ್ಯಾಸ್ಕೆಟ್ಟನ್ನು ಎತ್ತಿದ. ಅದು ಮ್ಯಾನಿಫೋಲ್ಡಿಗೂ ಇಂಜಿನ್ನಿಗೂ ನಡುವೆ ಕೂಡುವ, ಮೂರು ತೂತಿನ ತೆಳ್ಳನೆಯ ಹಾಳೆ. ಗಾಳಿ ಸೋರಿದ್ದರೆ ಅಂಚಿನ ಮೇಲೆ ಕರಿ ಹಾದಿ ಬಿದ್ದಿರುತ್ತದೆ. ಲಕ್ಕಪ್ಪ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಅವನ ಕೈಯ ಜೊತೆ ಹಾಳೆಯೂ ನಡುಗಿತು. ಒಂದು ಗೆರೆಯಿಲ್ಲ, ಒಂದು ಸುಕ್ಕಿಲ್ಲ.

"ಏನಾಗಿತ್ತು?" ಅಂದ.

"ಸುಯ್ ಅಂತಿತ್ತು."

"ಯಾವಾಗ?"

"ಬಿಸಿ ಆದ ಮ್ಯಾಲೆ," ಎಂದು ಬಾಯಿ ತಪ್ಪಿ ಬಂದುಬಿಟ್ಟಿತು. ಆರು ವರ್ಷದಲ್ಲಿ ಬೇರೆ ಒಂದು ಸುಳ್ಳು ಹುಟ್ಟಿಸುವಷ್ಟೂ ತನಗೆ ಆಗಲಿಲ್ಲ ಎಂದು ಮೈಲಾರಿ ಕಾಲ ಕೆಳಗಿನ ಎಣ್ಣೆಯ ಕಲೆಯನ್ನು ನೋಡುತ್ತ ನಿಂತ.

ಲಕ್ಕಪ್ಪ ತಲೆಯಾಡಿಸಿದ. "ಹೂಂ. ಅದೂ ಹಂಗ ಅಂತಿತ್ತು," ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. ಗ್ಯಾಸ್ಕೆಟ್ಟನ್ನು ಅಂಗಿಯ ತುದಿಯಿಂದ ಒರೆಸಿದ. "ಇದಕ್ಕ ಏನೂ ಆಗಿಲ್ಲ. ಇದನ್ನ ಹಾಕೂಣು."

"ಹೊಸಾದು ತರಬೇಕಣ್ಣಾ. ಇವತ್ತ ಭಾನುವಾರ, ಅಂಗಡಿ ಬಂದ್ ಇರ್ತಾವು. ನಾಳೆ..."

"ಬ್ಯಾಡ. ಎರಡೂ ಕಡೆ ಒಂದೀಟು ಗ್ರೀಸ್ ಸವರು. ಬರೋಬ್ಬರಿ ಕುಂದರತೈತಿ."

ಹೀಗೆ ಅವರು ಶುರುಮಾಡಿದರು. ಲಕ್ಕಪ್ಪನ ನಡುಗುವ ಬೆರಳಿಗೆ ನಟ್ಟು ಹಿಡಿಯುತ್ತಿರಲಿಲ್ಲ. ಎರಡು ಸಲ ಬೀಳಿಸಿದ, ಎರಡು ಸಲವೂ ಬಗ್ಗಿ ತಾನೇ ಹುಡುಕಿ ಎತ್ತಿಕೊಂಡ. ಮೂರನೇ ಸಲ ಸುಮ್ಮನೆ ಅದನ್ನು ಮೈಲಾರಿಯ ಅಂಗೈಯಲ್ಲಿ ಇಟ್ಟ. ಬೆರಳಿಂದ ತಿರುಗಿಸಿ ಹತ್ತಿಸುವುದು ತಮ್ಮನ ಕೆಲಸ, ಪಾನಾ ಹಿಡಿದು ಬಿಗಿ ಮಾಡುವುದು ಅಣ್ಣನ ಕೆಲಸ ಎಂದು ಮಾತಿಲ್ಲದೆ ಹಂಚಿಕೆಯಾಯಿತು. ಮೈಲಾರಿ ತೂತುಗಳ ಅರಿವಿ ಕಿತ್ತು ಒಗೆದು, ಗ್ಯಾಸ್ಕೆಟ್ಟು ಕೂಡಿಸಿ, ಮ್ಯಾನಿಫೋಲ್ಡನ್ನು ಎತ್ತಿ ಹಿಡಿದ. ತೋಳು ನೋಯುತ್ತಿತ್ತು. ಲಗೂ ಮುಗಿದರೆ ಸಾಕಾಗಿತ್ತು.

"ತಡಿ," ಎಂದ ಲಕ್ಕಪ್ಪ. "ಅರಿವಿ ಎಷ್ಟ ಹಾಕಿದ್ದಿ?"

"ಮೂರು."

"ಇಲ್ಲಿ ಎರಡ ಅದಾವ."

"ಮೂರೂ ತಗದೇನಿ ಅಣ್ಣಾ."

"ಎರಡ ಅದಾವ."

"ತಗದೇನಿ ಅಂದ್ನಲ್ಲ, ನಾನ ತಗದೇನಿ. ನೀ ಸುಮ್ನ ಕುಂದರು, ದಣದಿ," ಎಂದ ಮೈಲಾರಿ. ಹಟ ಹಿಡಿದ ಕೂಸಿಗೆ ಮಾತಾಡುವಾಗ ಬರುವ ಆ ಮೆತ್ತನೆಯ ದನಿ ಅದು. ದವಾಖಾನೆಯಲ್ಲಿ ಅವನು ಕಲಿತದ್ದು. ಬಾಗಿಲಲ್ಲಿ ನಿಂತಿದ್ದ ದ್ರಾಕ್ಷಾಯಿಣಿಯ ಕಡೆಗೆ ಹುಬ್ಬೆತ್ತಿ ನೋಡಿದ, ನೋಡು, ಮತ್ತೆ ಶುರುವಾಯಿತು ಎಂಬಂತೆ. ಲಕ್ಕಪ್ಪ ಆ ನೋಟವನ್ನು ಕಂಡ. ಕಂಡವನು ಪಾನಾವನ್ನು ಕಟ್ಟೆಯ ಮೇಲೆ ಇಟ್ಟು, ಹೇಳಿದ ಹಾಗೆ ಕೂತುಬಿಟ್ಟ, ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ವಾರ್ಡಿನಲ್ಲಿ ಡಾಕ್ಟರು ಬರುವಾಗ ಎಲ್ಲರೂ ಕೂಡುವ ಹಾಗೆ. ದ್ರಾಕ್ಷಾಯಿಣಿ ಒಳಗೆ ಹೋಗಿ ಕೈಬ್ಯಾಟರಿ ತಂದಳು. "ಸರೀರಿ ಸ್ವಲ್ಪ," ಎಂದು ಗಂಡನನ್ನು ಮೊಣಕೈಯಿಂದ ಸರಿಸಿ ತೂತುಗಳಿಗೆ ಬೆಳಕು ಬಿಟ್ಟಳು. ಬೆರಳು ಹಾಕಿ ಮೂರನೇ ತೂತಿನ ಒಳಗಿಂದ, ಆಳಕ್ಕೆ ಇಳಿದಿದ್ದ ತನ್ನದೇ ಹಸಿರು ಕುಪ್ಪಸದ ತುಂಡನ್ನು ಹೊರಗೆ ಎಳೆದಳು. ಯಾರಿಗೂ ತೋರಿಸಲಿಲ್ಲ. ಉಳಿದ ಎರಡರ ಜೊತೆ ಹಾಕಿ, "ಮೂರು," ಎಂದು ಒಳಗೆ ಹೋದಳು.

ಭೂಮಿ ಬಾಯಿ ಬಿಡಬಾರದೆ ಅನಿಸಿತು ಮೈಲಾರಿಗೆ. ಆ ತುಂಡು ಒಳಗೇ ಉಳಿದಿದ್ದರೆ ಗಾಡಿಗೆ ಏನಾಗುತ್ತಿತ್ತು ಎಂದು ಅವನು ಯೋಚಿಸುತ್ತಿರಲಿಲ್ಲ. ತನಗಿಂತ ಸರಿಯಾಗಿ ಎಣಿಸಬಲ್ಲವನನ್ನು ಸುಮ್ಮನೆ ಕೂಡು ಅಂದೆನಲ್ಲ, ಅವನು ಕೂತನಲ್ಲ, ಅಷ್ಟು ಲಗೂ ಕೂತನಲ್ಲ! ಆರು ವರ್ಷ ಅವನಿಗೆ ಕಲಿಸಿದ್ದು ಇದನ್ನೇ ಇರಬೇಕು. ಮ್ಯಾನಿಫೋಲ್ಡು ಹಿಡಿದು ನಿಂತೇ, "ಅಣ್ಣಾ, ಪಾನಾ ತಗೊಂಡ ಬಾ. ನನಗೊಬ್ಬಗ ಆಗೂದಿಲ್ಲ," ಅಂದ. ಲಕ್ಕಪ್ಪ ಏನೂ ಆಗಿಲ್ಲ ಎಂಬಂತೆ ಎದ್ದು ಬಂದ. ಮಣಿಕಟ್ಟನ್ನು ಗಾಡಿಯ ಅಂಚಿಗೆ ಒತ್ತಿ ಹಿಡಿದು ನಡುಕವನ್ನು ಅಷ್ಟರಮಟ್ಟಿಗೆ ಕಟ್ಟಿಹಾಕಿ, ನಡುವಿನ ನಟ್ಟಿನಿಂದ ಶುರುಮಾಡಿ ಎಡಕ್ಕೊಂದು ಬಲಕ್ಕೊಂದು, ಎಡಕ್ಕೊಂದು ಬಲಕ್ಕೊಂದು, ಮೂರು ಸುತ್ತಿನಲ್ಲಿ ಬಿಗಿ ಮಾಡಿದ. ಒಂದೇ ಸಲ ಯಾವುದನ್ನೂ ಪೂರಾ ಬಿಗಿಯಲಿಲ್ಲ. ನೀರಿನ ಪೈಪು, ಪೆಟ್ರೋಲ್ ಪೈಪು, ಎಕ್ಸಲರೇಟರಿನ ತಂತಿ ಎಲ್ಲ ಸೇರಿದವು. ಕೆಂಪು ಪೆನ್ಸಿಲ್ಲಿನ ತುಂಡನ್ನು ಲಕ್ಕಪ್ಪ ಒರೆಸಿ ತಮ್ಮನ ಕಿಸೆಗೆ ಹಾಕಿದ.

ಐದೂವರೆಗೆ ಗಾಡಿ ಚಾಲೂ ಆಯಿತು. ನಾಲ್ಕು ಸಲ ಗುಟುರು ಹಾಕಿ, ಆಮೇಲೆ ಒಂದೇ ಸಮ ಓಡತೊಡಗಿತು. ಲಕ್ಕಪ್ಪ ತಲೆ ಬಗ್ಗಿಸಿ ಕೇಳಿದ. ಅವನು ಹೀಗೆ ಕೇಳುತ್ತ ನಿಂತದ್ದನ್ನು ಕಂಡು ಮೈಲಾರಿಗೆ ಹಳೆಯ ಅಂಜಿಕೆ ಹುಟ್ಟಿತು. ಇವನಿಗೆ ಈಗಲೂ ಇದು ಅಳುವುದು ಕೇಳಿಸುತ್ತದೆಯೇನೋ. ಲಕ್ಕಪ್ಪ ಬಾನೆಟ್ಟು ಮುಚ್ಚಿದ. ಬಚ್ಚಲಿಗೆ ಹೋಗಿ ಸಾಬೂನಿನ ಪುಡಿ ಹಾಕಿ ಕೈ ತೊಳೆದುಕೊಂಡ, ಉಗುರನ್ನೂ ಬಿಡದೆ. ಒಳಗೆ ಹೋದ. ಹೊರಗೆ ಬಂದಾಗ ಅವನ ಕೈಯಲ್ಲಿ ಗಂಟು ಇತ್ತು. ಮುಂದಿನ ಸೀಟಿನ ಬಾಗಿಲು ತೆಗೆದು ಕೂತ. ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನಡಿ," ಎಂದ. "ಏಳಕ್ಕ ಗೇಟ್ ಹಾಕ್ತಾರ. ಗಾಡಿ ಛಲೋ ಐತಿ, ನಡು ಹಾದ್ಯಾಗ ನಿಂದ್ರೂದಿಲ್ಲ."

ಮೈಲಾರಿ ಸ್ಟೇರಿಂಗಿನ ಹಿಂದೆ ಕೂತೇ ಇದ್ದ. ಇಂಜಿನ್ನು ಓಡುತ್ತಿತ್ತು. ಕಿಟಕಿಯ ಸರಳಿನಲ್ಲಿ ಕಾಗದ ಸಣ್ಣಗೆ ಅಲುಗುತ್ತಿತ್ತು. ಬಾಗಿಲಲ್ಲಿ ದ್ರಾಕ್ಷಾಯಿಣಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದಳು. ಈಗಲಾದರೂ ಇವಳು ಏನಾದರೂ ಅನ್ನಬಾರದೆ, ಇಳೀರಿ ಭಾವಾರ ಅನ್ನಬಾರದೆ ಎಂದು ಅವನು ಕಾದ. ಅವಳು ಅನ್ನಲಿಲ್ಲ. ಈ ಮಾತನ್ನು ತಾನು ಗಂಡನ ಪರವಾಗಿ ಆಡುವುದಿಲ್ಲ ಎಂದು ಅವಳ ಮುಖದಲ್ಲಿ ಬರೆದಿತ್ತು. ಗೇರು ಹಾಕಿದರೆ ಮುಗಿಯಿತು. ರಾಯಾಪುರ ದಾಟಿದರೆ ಇನ್ನರ್ಧ ಹಾದಿ. ಆರೂವರೆಗೆ ಗೇಟು, ಏಳೂವರೆಗೆ ಮನೆ. ಅಣ್ಣನೇ ಹೋಗೋಣ ಅಂದ, ನಾನೇನು ಮಾಡಲಿ ಎಂದು ಆಮೇಲೆ ಹೇಳಬಹುದು, ಜನರಿಗೂ, ಡಾಕ್ಟರಿಗೂ. ಅದು ಸುಳ್ಳೂ ಅಲ್ಲ. ಇಡೀ ದಿನದಲ್ಲಿ ಮೊದಲನೇ ಸಲ ಅವನ ಕೈಗೆ ಒಂದು ಖರೇ ನೆಪ ಸಿಕ್ಕಿತ್ತು.

"ಇನ್ನೊಂದು," ಎಂದ ಲಕ್ಕಪ್ಪ, ಮುಂದಿನ ಗಾಜಿನಾಚೆ ನೋಡುತ್ತಲೇ. "ಇದು ಬಿಸಿ ಆಗಿ ಆರಿದ ಮ್ಯಾಲೆ ನಟ್ಟು ಸಡ್ಲ ಆಗ್ತಾವು. ಇನ್ನೊಮ್ಮೆ ಬಿಗಿ ಮಾಡ್ಬೇಕು. ಮರೀಬ್ಯಾಡ. ನಡುವಿಂದ ಶುರು ಮಾಡು."

ಮೈಲಾರಿ ಚಾವಿ ತಿರುಗಿಸಿದ. ಇಂಜಿನ್ನು ಬಂದಾಯಿತು. ಓಣಿಯಲ್ಲಿ ಯಾರದೋ ಮನೆಯ ಕುಕ್ಕರಿನ ಸೀಟಿ ಕೇಳಿಸಿತು.

"ನನಗ ಬರೂದಿಲ್ಲಣ್ಣಾ," ಎಂದ.

"ಬರತೈತಿ ನಿನಗ."

"ಇಲ್ಲ. ಬರೂದಿಲ್ಲ."

"ಬಿಚ್ಚಾಕ ಬಂದೈತಲ್ಲ," ಎಂದ ಲಕ್ಕಪ್ಪ.

ಲಕ್ಕಪ್ಪ ಇಳಿಯಲಿಲ್ಲ, ಮೈಲಾರಿಯೂ ಇಳಿಯಲಿಲ್ಲ. ಹೇಳಬೇಕಾದ್ದೆಲ್ಲ ಮೈಲಾರಿ ಮನಸ್ಸಿನಲ್ಲೇ ಜೋಡಿಸಿಕೊಂಡ. ಆ ಗಾಡಿ ಇರಲೇ ಇಲ್ಲ ಅಣ್ಣಾ, ನೀನು ಹುಚ್ಚನಾಗಿ ಅದನ್ನು ಕೇಳುತ್ತಿರಲಿಲ್ಲ, ನಾನೇ ನಿನಗೆ ಹೇಳಿದ್ದೆ ಎಂದು. ಬಾಯಿ ತೆರೆದ. ಬಂದದ್ದು ಕೆಮ್ಮು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೆ ಕಾಣುತ್ತದೆಂದು ಒರೆಸಿಕೊಳ್ಳಲಿಲ್ಲ. ಮುಖದ ಮೇಲೆ ಎಣ್ಣೆಯ ಕಲೆ ಇತ್ತು. ಎದುರು ಗೋಡೆಯ ಬಿಸಿಲು ಮೇಲಕ್ಕೆ ಸರಿದು ಸರಿದು ಹೋಯಿತು. ಬಾನೆಟ್ಟಿನ ಕೆಳಗೆ ಕಬ್ಬಿಣ ಆರುವ ಸಪ್ಪಳ, ಟಿಕ್ ಟಿಕ್ ಎಂದು, ಮೊದಲು ಲಗುಬಗೆ, ಆಮೇಲೆ ಬಿಟ್ಟು ಬಿಟ್ಟು ಕೇಳಿಸುತ್ತಿತ್ತು. ದ್ರಾಕ್ಷಾಯಿಣಿ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದಳು, ಮುಂದಿನ ಕೋಣೆಯ ಲೈಟು ಹಾಕಿದಳು. ಕಿಟಕಿಯಿಂದ ಮಂಚ ಕಾಣಿಸಿತು, ಕೌದಿ ಕಾಣಿಸಿತು. ಒಳಗಿನ ಗಡಿಯಾರ ಏಳು ಬಡಿಯಿತು. ಇಬ್ಬರೂ ಎಣಿಸಿದರು. ಧಾರವಾಡದಲ್ಲಿ ಗೇಟು ಹಾಕಿರಬೇಕು.

ಟಿಕ್ ಟಿಕ್ ನಿಂತು ಬಹಳ ಹೊತ್ತಾದ ಮೇಲೆ ಲಕ್ಕಪ್ಪ ಗಂಟನ್ನು ಹಿಂದಿನ ಸೀಟಿನ ಮೇಲೆ ಇಟ್ಟ. ಬಾಗಿಲು ತೆಗೆದು ಇಳಿದು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ.

"ಆರೇತಿ," ಎಂದ. "ಹನ್ನೆರಡು ನಂಬರ ಪಾನಾ ಕೊಡು."